ಪಾರ್ಕಿನ ಲೆಕ್ಕ ಎಕರೆಯಲ್ಲಿ, ಬರುವ ಜನ ಮಹಡಿಯಲ್ಲಿ

ಬೆಂಗಳೂರಿನ ಹೊರವಲಯದ ಲೇಔಟ್ ಜಾಹೀರಾತುಗಳಲ್ಲಿ ಪಾರ್ಕಿಲ್ಲದ್ದನ್ನು ಹುಡುಕುವುದೇ ಕಷ್ಟ. ಐದು ವರ್ಷ ಬಿಟ್ಟು ಅಲ್ಲಿಗೆ ಹೋದರೆ ಪಾರ್ಕಿನ ಒಂದು ಮೂಲೆಯಲ್ಲಿ ಬೋರ್‌ವೆಲ್, ಇನ್ನೊಂದು ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರ್, ಗೇಟಿಗೆ ಬೀಗ. ಬಿಲ್ಡರ್ ಜಾಗ ನುಂಗಿದ ಅಂತ ಬೈಯುವುದು ಸುಲಭ. ಆದರೆ ಎಲ್ಲವನ್ನೂ ಕಾನೂನಿನ ಪ್ರಕಾರವೇ ಬಿಟ್ಟಿದ್ದರೂ ಪಾರ್ಕು ಸಾಲದೇ ಹೋಗುತ್ತದೆ. ಅದು ಹೇಗೆ ಅನ್ನುವುದು ಸಣ್ಣ ಗಣಿತ.

1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕಾಯ್ದೆಯ 16ನೇ ಕಲಮಿನಂತೆ ಪ್ರಾಧಿಕಾರದ ಬಡಾವಣೆಯಲ್ಲಿ ಒಟ್ಟು ವಿಸ್ತೀರ್ಣದ ಕನಿಷ್ಠ ಶೇ 15 ಪಾರ್ಕು ಮತ್ತು ಆಟದ ಮೈದಾನಕ್ಕೆ, ಅದರ ಮೇಲೆ ಶೇ 10 ನಾಗರಿಕ ಸೌಲಭ್ಯಕ್ಕೆ, ಅಂದರೆ ಸಿಎ ಸೈಟಿಗೆ. ಇದೇ ಅಳತೆಯಲ್ಲಿ 10 ಎಕರೆ ತೆಗೆದುಕೊಳ್ಳಿ. ಪಾರ್ಕಿಗೆ ಒಂದೂವರೆ ಎಕರೆ, ಸುಮಾರು 6,070 ಚದರ ಮೀಟರ್. ಅರ್ಧ ಜಾಗ ಸೈಟಿಗೆ ಹೋದರೆ 30x40 ಅಡಿಯ ಸುಮಾರು 180 ಸೈಟು ಸಿಗುತ್ತವೆ. ಸೈಟಿಗೊಂದು ಮನೆ, ಮನೆಗೆ ನಾಲ್ಕು ಜನ ಅಂದರೆ 720 ಜನ, ತಲೆಗೆ 8.4 ಚದರ ಮೀಟರ್ ಪಾರ್ಕು. ನಗರ ಯೋಜನೆಯ ಕೇಂದ್ರ ಮಾರ್ಗಸೂಚಿ ಹೇಳುವುದು 10ರಿಂದ 12. ಪರವಾಗಿಲ್ಲ, ಹತ್ತಿರ ಬಂತು.

ಆದರೆ 30x40ರಲ್ಲಿ ಒಂದೇ ಮನೆ ಕಟ್ಟುವವರು ಈಗ ಯಾರಿದ್ದಾರೆ? ನೆಲಮಹಡಿ ಮತ್ತು ಮೂರು ಮಹಡಿ ಎದ್ದು ನಾಲ್ಕು ಸಂಸಾರ ಬಂದರೆ 2,880 ಜನ. ಅದೇ ಪಾರ್ಕು ತಲೆಗೆ 2.1 ಚದರ ಮೀಟರ್, ಒಂದು ಮಂಚದಷ್ಟು. ಪಿಜಿ ಬಂದರಂತೂ ಲೆಕ್ಕ ಬಿಡಿ.

ನೀರಿನ ಕಥೆಯೂ ಇದೇ. ತಲೆಗೆ ದಿನಕ್ಕೆ 135 ಲೀಟರ್‌ನಂತೆ 720 ಜನಕ್ಕೆ 97,200 ಲೀಟರ್ ಸಾಕಿತ್ತು. 2,880 ಜನಕ್ಕೆ 3,88,800 ಬೇಕು. ವ್ಯತ್ಯಾಸವನ್ನು 6,000 ಲೀಟರ್‌ನ ಟ್ಯಾಂಕರ್‌ನಲ್ಲಿ ತರುವುದಾದರೆ ದಿನಕ್ಕೆ 49 ಲೋಡು. ಬಳಸಿದ ನೀರಿನ ಶೇ 80ರಷ್ಟು ಒಳಚರಂಡಿಗೆ ಹೋಗುತ್ತದೆ. ಪೈಪು ಮಾತ್ರ ಮೊದಲ ಅಂದಾಜಿನದ್ದೇ. ಸಾಲದ್ದಕ್ಕೆ ತಾರಸಿಯ ಮಳೆನೀರಿನ ಪೈಪನ್ನೂ ಕದ್ದು ಅದೇ ಒಳಚರಂಡಿಗೆ ಸೇರಿಸಿರುತ್ತಾರೆ. ಜೋರು ಮಳೆ ಬಂದಾಗ ತಗ್ಗಿನ ಮ್ಯಾನ್‌ಹೋಲ್ ಉಕ್ಕುವುದು ಇದರಿಂದಲೇ. ಆ ತಗ್ಗಿನಲ್ಲೇ ಅನೇಕ ಕಡೆ ಪಾರ್ಕು ಇರುತ್ತದೆ, ಯಾಕೆಂದರೆ ಸೈಟಾಗಿ ಮಾರಲಾಗದ ಜಾಗವನ್ನೇ ಪಾರ್ಕಿಗೆ ತೋರಿಸಿರುತ್ತಾರೆ. ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿ, ರಾಜಕಾಲುವೆಯ ದಡ, ರಸ್ತೆ ತಿರುವಿನ ತ್ರಿಕೋನ, ಎಲ್ಲವೂ ನಕ್ಷೆಯಲ್ಲಿ ಹಸಿರೇ.

ಇನ್ನೂ ಕೆಟ್ಟದ್ದು ಬಿಡಿ ಬಿಡಿ ರೆವಿನ್ಯೂ ಲೇಔಟ್‌ಗಳದು, ಅಂದರೆ ಅನುಮೋದನೆಯಿಲ್ಲದೆ ಹೊಲವನ್ನೇ ಸೈಟು ಮಾಡಿ ಮಾರಿದ್ದು. ಒಬ್ಬರ ಒಂದು ಎಕರೆ, ಪಕ್ಕದವರ 30 ಗುಂಟೆ, ಅದರಾಚೆ ಇನ್ನೊಬ್ಬರ ಎರಡು ಎಕರೆ. ಎಲ್ಲ ಸೇರಿದರೆ ಊರಷ್ಟು ದೊಡ್ಡ ಬಡಾವಣೆ, ಆದರೆ ಅನುಮೋದಿತ ನಕ್ಷೆಯೇ ಇಲ್ಲದ್ದರಿಂದ ಪಾರ್ಕಿಗೆ ಒಂದು ಗುಂಟೆಯೂ ಇಲ್ಲ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ಮನೆ ಮೊದಲು ಬಂತು. ಅವಕ್ಕೆ ದಿನಕ್ಕೆ 77.5 ಕೋಟಿ ಲೀಟರ್ ಕೊಡುವ ಕಾವೇರಿ 5ನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನೀರನ್ನು ತಡವಾಗಿಯಾದರೂ ಪೈಪಿನಲ್ಲಿ ತರಬಹುದು. ಮನೆ ತುಂಬಿದ ಮೇಲೆ ಪಾರ್ಕಿಗೆ ನೆಲ ತರುವುದು ಎಲ್ಲಿಂದ?

ಸಿಎ ಸೈಟಿನ ಬಗ್ಗೆ ಒಂದು ಮಾತು. ಬಿಡಿಎ ಇವನ್ನು ಸಂಸ್ಥೆಗಳಿಗೆ 30 ವರ್ಷದ ಲೀಸ್‌ಗೆ ಕೊಡುತ್ತದೆ. ಅಲ್ಲಿ ದುಬಾರಿ ಶಾಲೆ ಎದ್ದರೂ ಕಾಗದದಲ್ಲಿ ‘ಸೌಲಭ್ಯ’ ಬಂದಂತೆಯೇ, ಮನೆಕೆಲಸದವರ ಮಕ್ಕಳಿಗೆ ಅಂಗನವಾಡಿ ಸಿಗದಿದ್ದರೂ.

ಇದ್ದ ಪಾರ್ಕನ್ನು ಉಳಿಸಿಕೊಳ್ಳಲು ಕಾನೂನು ಗಟ್ಟಿಯಾಗಿಯೇ ಇದೆ. ಬಿಡಿಎ ಕಾಯ್ದೆಯ 38ಎ ಪ್ರಕಾರ ಪಾರ್ಕು, ಮೈದಾನಕ್ಕೆ ಮೀಸಲಾದ ಜಾಗವನ್ನು ಪ್ರಾಧಿಕಾರ ಬೇರೆಯದಕ್ಕೆ ಮಾರಿದರೆ ಅದು ಅಸಿಂಧು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಿದ್ದು 1991ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ನಿಲ್ಲಲಿಲ್ಲ. ಅದನ್ನು ಪ್ರಶ್ನಿಸಿದ್ದು ಅಲ್ಲಿನ ನಿವಾಸಿಗಳು.

ಆದರೆ ಕೋರ್ಟಿಗೆ ಹೋಗಲು ದಾಖಲೆ ಬೇಕು. ಸೈಟು ಕೊಳ್ಳುವ ಮುಂಚೆಯೇ ಅನುಮೋದಿತ ನಕ್ಷೆಯ ಪ್ರತಿ ತೆಗೆಸಿ; ಬ್ರೋಷರ್‌ನ ಬಣ್ಣದ ಚಿತ್ರವನ್ನು ನಂಬಬೇಡಿ. ನಕ್ಷೆಯಲ್ಲಿರುವ ವಿಸ್ತೀರ್ಣದ ಕೋಷ್ಟಕದಲ್ಲಿ ಪಾರ್ಕು ಎಷ್ಟು, ಸಿಎ ಎಷ್ಟು, ಯಾವ ಸರ್ವೆ ನಂಬರಿನಲ್ಲಿ ಅಂತ ಬರೆದುಕೊಳ್ಳಿ. ಖಾಸಗಿ ಲೇಔಟ್ ಆದರೆ ಆ ಜಾಗದ ರಿಲಿಂಕ್ವಿಷ್‌ಮೆಂಟ್ ಡೀಡ್ (ಮಾಲೀಕ ಹಕ್ಕು ಬಿಟ್ಟುಕೊಡುವ ಪತ್ರ) ನೋಂದಣಿ ಆಗಿದೆಯೇ ನೋಡಿ, ಆ ಸರ್ವೆ ನಂಬರಿಗೆ ಇಸಿ (ಋಣಭಾರ ಪ್ರಮಾಣಪತ್ರ) ಹಾಕಿದರೆ ಗೊತ್ತಾಗುತ್ತದೆ. ಡೀಡ್ ಆಗಿಲ್ಲದಿದ್ದರೆ ಪಾರ್ಕು ಇನ್ನೂ ಹಳೇ ಮಾಲೀಕನ ಹೆಸರಿನಲ್ಲೇ ಇರುತ್ತದೆ. ಮುಂದೊಂದು ದಿನ ವಾರಸುದಾರರು ಬೇಲಿ ಹಾಕುವುದು ಇಲ್ಲಿಂದಲೇ ಶುರು. ಕೊನೆಗೆ ಟೇಪು ಹಿಡಿದು ಅಳೆಯಿರಿ, ಪಂಪ್‌ಹೌಸ್, ಟ್ಯಾಂಕು ಕಳೆದು. ವ್ಯತ್ಯಾಸ ಕಂಡರೆ 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿ ಹಾಕಿ, ಪಾರ್ಕಿನ ಹಸ್ತಾಂತರ ಪತ್ರ ಮತ್ತು ಸರ್ವೆ ಸ್ಕೆಚ್ಚನ್ನೇ ಹೆಸರಿಟ್ಟು ಕೇಳಿ. ‘ಎಲ್ಲ ಮಾಹಿತಿ ಕೊಡಿ’ ಅಂತ ಬರೆದರೆ 30 ದಿನ ಕಾದಮೇಲೆ ಬರುವುದು ಒಂದು ಸಾಲಿನ ಉತ್ತರ.