ತಾಮ್ರದ ಗುಂಡಿನ ತೋಟಾ: ಕೌಂಟರಿನ ಈಚೆ ನಿಂತು ಕಲಿತದ್ದು

ಕ್ಯಾಲಿಫೋರ್ನಿಯಾದ ಕರಾವಳಿಯ ಎ ವಲಯದಲ್ಲಿ ಜಿಂಕೆಗೆ ರೈಫಲ್ ಸೀಸನ್ ಶುರುವಾಗುವುದು ಆಗಸ್ಟಿನ ಎರಡನೇ ಶನಿವಾರ. ಅದಕ್ಕೆ ಎರಡು ವಾರ ಇದೆ ಅನ್ನುವಾಗಲೇ ಬೇಟೆ ಸಾಮಾನಿನ ಅಂಗಡಿಯ ತೋಟಾ ಕೌಂಟರಿನಲ್ಲಿ ಜನ ಸೇರುತ್ತಾರೆ. ಅರ್ಧಕ್ಕರ್ಧ ಮಂದಿ ಕೇಳುವುದು ಒಂದೇ: "ಅಪ್ಪ .30-06ಗೆ 180 ಗ್ರೇನ್ ಹಾಕ್ತಿದ್ರು. ತಾಮ್ರದಲ್ಲೂ 180ನ್ನೇ ಕೊಡಿ." .30-06 ಎನ್ನುವುದು ರೈಫಲ್ ತೋಟಾದ ಒಂದು ಅಳತೆಯ ಹೆಸರು, ಮುಂದೆ ಬರುವ .308, .270, 6.5 ಕ್ರೀಡ್‌ಮೂರ್ ಮುಂತಾದವೂ ಹಾಗೆಯೇ; ಗ್ರೇನ್ ಎನ್ನುವುದು ಗುಂಡಿನ ತೂಕದ ಮಾನ. ಕೇಳಿದ್ದನ್ನು ಕೊಟ್ಟು ಕಳಿಸುವುದು ಸುಲಭ. ಆದರೆ ಜಿಂಕೆಗೆ ಅದು ಬಹುತೇಕ ತಪ್ಪು ಡಬ್ಬಿ. ಈ ಕೆಲಸದಲ್ಲಿ ಮೊದಲು ಕಲಿಯಬೇಕಾದ್ದು ಇದೇ: ಸೀಸದ ಲೆಕ್ಕವನ್ನು ತಾಮ್ರಕ್ಕೆ ಹಾಕಬಾರದು. ಸೀಸದ ಗುಂಡನ್ನು ತೂಕ ನೋಡಿ ಕೊಂಡರೆ ನಡೆಯುತ್ತಿತ್ತು. ತಾಮ್ರದ್ದನ್ನು ಪ್ರಾಣಿಗೆ ತಾಗುವಾಗ ಅದರಲ್ಲಿ ಎಷ್ಟು ವೇಗ ಉಳಿದಿರುತ್ತದೆ ಎಂದು ನೋಡಿ ಕೊಳ್ಳಬೇಕು.

ಇಲ್ಲಿ ತಾಮ್ರ ಯಾಕೆ ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸೀಸದ ಗುಂಡು ಪ್ರಾಣಿಯೊಳಗೆ ನುಗ್ಗುವಾಗ ಚೂರುಚೂರಾಗುತ್ತದೆ. ಬೇಟೆಗಾರ ಕಾಡಿನಲ್ಲೇ ಬಿಟ್ಟುಬರುವ ಕರುಳು, ಜಠರದಲ್ಲಿ ಆ ಚೂರುಗಳು ಉಳಿಯುತ್ತವೆ. ಅದನ್ನು ತಿಂದ ಕಾಂಡೋರ್ ಎಂಬ ದೊಡ್ಡ ರಣಹದ್ದುಗಳಿಗೆ ಸೀಸ ಏರಿ ಸಾವು. 1982ರಲ್ಲಿ ಜಗತ್ತಿನಲ್ಲೇ 22 ಕ್ಯಾಲಿಫೋರ್ನಿಯಾ ಕಾಂಡೋರ್ ಉಳಿದಿದ್ದವು. ದನಕ್ಕೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯಿಂದ ನಮ್ಮ ಕಡೆಯ ರಣಹದ್ದುಗಳು ಕಣ್ಮರೆಯಾದದ್ದು ರಾಮನಗರದ ಬೆಟ್ಟ ಬಲ್ಲವರಿಗೆ ಗೊತ್ತು. ಇದೂ ಅದೇ ಜಾಡಿನ ವಿಷ. 2008ರಲ್ಲಿ ಕಾಂಡೋರ್ ಹಾರಾಡುವ ಪ್ರದೇಶಕ್ಕೆ ಬಂದ ಸೀಸದ ನಿಷೇಧ 2019ರ ಜುಲೈ 1ರಿಂದ ಇಡೀ ರಾಜ್ಯದ ಎಲ್ಲ ಬೇಟೆಗೂ ಅನ್ವಯವಾಯಿತು. ಗುಂಡಿನಲ್ಲಿ ತೂಕದ ನೂರಕ್ಕೆ ಒಂದು ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದು.

ಈಗ ತೂಕದ ವಿಷಯ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತಾಮ್ರದ್ದು 8.96. ವ್ಯಾಸ ಬದಲಾಯಿಸುವಂತಿಲ್ಲ, ಹಾಗಾಗಿ ಅದೇ ತೂಕ ಬೇಕೆಂದರೆ ತಾಮ್ರದ ಗುಂಡು ಉದ್ದವಾಗಲೇಬೇಕು. ಉದ್ದವಾದ ಗುಂಡು ತೋಟಾದ ಒಳಗೆ ಮದ್ದಿನ ಜಾಗ ತಿನ್ನುತ್ತದೆ, ನಳಿಗೆಯಲ್ಲಿ ಹೆಚ್ಚು ಉಜ್ಜುತ್ತದೆ, ನೆಟ್ಟಗೆ ಹಾರಲು ಹೆಚ್ಚು ತಿರುಪು, ಅಂದರೆ ಹೆಚ್ಚು ವೇಗದ ಸುತ್ತು, ಕೇಳುತ್ತದೆ. ಇಷ್ಟೆಲ್ಲ ಕೊಟ್ಟು ಆ ತೂಕದಿಂದ ಸಿಗುವ ಲಾಭ ಏನು? ಜಿಂಕೆಯ ಮಟ್ಟಿಗೆ ಏನೂ ಇಲ್ಲ. ಸೀಸದ ಗುಂಡು ಒಳಗೆ ಹೋಗುತ್ತಾ ತೂಕ ಕಳೆದುಕೊಳ್ಳುತ್ತದೆ ಎಂದೇ ಹಿಂದಿನವರು ಭಾರದ್ದನ್ನು ಆರಿಸುತ್ತಿದ್ದರು. ತಾಮ್ರದ್ದು ಹೊಕ್ಕ ತೂಕದಲ್ಲೇ ಹೆಚ್ಚೂಕಡಿಮೆ ಆಚೆ ಬರುತ್ತದೆ. ಅದಕ್ಕೇ ಒಂದು ಮೆಟ್ಟಿಲು ಇಳಿಯಿರಿ ಎನ್ನುವುದು. .30-06ನಲ್ಲಿ 180 ಹಾಕುತ್ತಿದ್ದವರು 165 ಅಥವಾ 168ಕ್ಕೆ, ಜಿಂಕೆ ಮಾತ್ರ ಎಂದರೆ 150ಕ್ಕೆ. .308ನಲ್ಲಿ 165ರ ಬದಲು 150 ಅಥವಾ 130. .270ನಲ್ಲಿ 130, 6.5 ಕ್ರೀಡ್‌ಮೂರ್‌ನಲ್ಲಿ 140ರ ಬದಲು 120, .243ನಲ್ಲಿ 100ರ ಬದಲು 80 ಅಥವಾ 85. ಎಲ್ಕ್ ಎಂಬ ಭಾರಿ ಜಾತಿಯ ಜಿಂಕೆಯ ಬೇಟೆಗೆ ಹೊರಟವರು .30-06 ಅಥವಾ .300 ವಿನ್‌ಮ್ಯಾಗ್‌ನಲ್ಲಿ 165ರಿಂದ 180 ಇಟ್ಟುಕೊಂಡರೆ ತಪ್ಪಿಲ್ಲ.

ತಾಮ್ರದ ಗುಂಡಿನ ತುದಿಯಲ್ಲಿ ಒಂದು ಕುಳಿ ಇರುತ್ತದೆ. ಮಾಂಸ, ನೆತ್ತರು ಆ ಕುಳಿಗೆ ನುಗ್ಗಿ ಒಳಗಿನಿಂದ ಒತ್ತಿದಾಗ ತುದಿ ಸೀಳಿ, ಸಾಮಾನ್ಯವಾಗಿ ನಾಲ್ಕು ದಳವಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಒತ್ತುವುದು ವೇಗ, ವೇಗ ಸಾಲದಿದ್ದರೆ ದಳ ಬಿಚ್ಚುವುದಿಲ್ಲ. ಬಿಚ್ಚದ ಗುಂಡು ಪೆನ್ಸಿಲ್ ತೂರಿಸಿದ ಹಾಗೆ ಸಣ್ಣ ತೂತು ಮಾಡಿ ಹೊರಟುಹೋಗುತ್ತದೆ. ಜಿಂಕೆ ಓಡುತ್ತದೆ, ನೆತ್ತರ ಜಾಡು ಸಿಗುವುದಿಲ್ಲ, ಎಲ್ಲೋ ಪೊದೆಯಲ್ಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಬೇಟೆಗಾರ ತಪ್ಪಿತೆಂದು ವಾಪಸಾಗುತ್ತಾನೆ. ಇದಕ್ಕಿಂತ ಕೆಟ್ಟ ಬೇಟೆ ಇಲ್ಲ. ತಯಾರಕರು ಸೆಕೆಂಡಿಗೆ 1800 ಅಡಿ, ಕೆಲವು ಮಾದರಿಗೆ ಅದಕ್ಕಿಂತ ಕಡಿಮೆಯೂ ಸಾಕು ಎನ್ನುತ್ತಾರೆ. ಕೌಂಟರಿನಲ್ಲಿ ನಾವು ಹೇಳುವ ಗಡಿ 2000. ಎಲುಬಿಗೆ ತಾಗದೆ ಬರೀ ಪಕ್ಕೆ, ಶ್ವಾಸಕೋಶ ದಾಟುವ ಈಡಿನಲ್ಲೂ ದಳ ಬಿಚ್ಚಬೇಕಲ್ಲ, ಅದಕ್ಕೆ.

ಒಂದು ಲೆಕ್ಕ ಹಾಕಿ ನೋಡೋಣ. .308ನ 168 ಗ್ರೇನ್ ತಾಮ್ರದ ತೋಟಾದ ಡಬ್ಬಿಯ ಮೇಲೆ ಸುಮಾರು 2680 ಅಡಿ ಎಂದು ಅಚ್ಚಾಗಿರುತ್ತದೆ. ಅದು ಸಾಮಾನ್ಯವಾಗಿ 24 ಇಂಚಿನ ಪರೀಕ್ಷಾ ನಳಿಗೆಯ ಅಂಕಿ. ಆ ಉದ್ದದಲ್ಲಿ ಗುಂಡು ಸುಮಾರು 400 ಗಜಕ್ಕೆ 2000 ಮುಟ್ಟುತ್ತದೆ. ಆದರೆ ಈಗ ಜನ ತರುವುದು 16, 18 ಇಂಚಿನ ಗಿಡ್ಡ ನಳಿಗೆ. ಒಂದು ಇಂಚು ಕಮ್ಮಿಯಾದರೆ ಹೆಚ್ಚೂಕಡಿಮೆ 25 ಅಡಿ ವೇಗ ಹೋಗುತ್ತದೆ. 16 ಇಂಚಿನಲ್ಲಿ ಬಾಯಿಯ ಹತ್ತಿರವೇ 2500ಕ್ಕೆ ಇಳಿದಿರುತ್ತದೆ, 300 ಗಜಕ್ಕೇ 2000. ಒಂದೇ ಡಬ್ಬಿ, ನೂರು ಗಜ ಮಾಯ. ಅದೇ ಗಿಡ್ಡ ನಳಿಗೆಗೆ 150 ಗ್ರೇನ್ ಹಾಕಿದರೆ 300 ಗಜದಲ್ಲಿ 2050ರ ಮೇಲೆ, 130 ಹಾಕಿದರೆ 2200ರ ಆಸುಪಾಸು ಉಳಿಯುತ್ತದೆ. ಹಾಗಾಗಿ ಗಿರಾಕಿಯನ್ನು ಕೇಳಬೇಕಾದ ಮೊದಲ ಎರಡು ಪ್ರಶ್ನೆ: ನಳಿಗೆ ಎಷ್ಟು ಉದ್ದ? ಎಷ್ಟು ದೂರದವರೆಗೆ ಹೊಡೆಯುತ್ತೀರಿ? ಪ್ರಾಣಿ ಯಾವುದೆಂಬುದು ಮೂರನೆಯದು.

ಮುಂದಿನದು ತಿರುಪು. ನಳಿಗೆಯೊಳಗಿನ ಗೀರು ಎಷ್ಟು ಇಂಚಿಗೆ ಒಂದು ಪೂರ್ತಿ ಸುತ್ತು ಬರುತ್ತದೆ ಎನ್ನುವುದು. .30-06ಗಳಲ್ಲಿ ಬಹುತೇಕ 10 ಇಂಚಿಗೆ ಒಂದು ಸುತ್ತು, 6.5 ಕ್ರೀಡ್‌ಮೂರ್‌ನಲ್ಲಿ 8ಕ್ಕೆ. ತೊಂದರೆ ಕೊಡುವುದು 12 ಇಂಚಿನ ತಿರುಪಿನ ಹಳೆಯ .308ಗಳು. ಅವುಗಳಲ್ಲಿ 168 ಗ್ರೇನ್ ತಾಮ್ರ ಅಂಚಿನಲ್ಲಿ ನಿಂತಿರುತ್ತದೆ. ಬಿಸಿಲಲ್ಲಿ ಸರಿಯಾಗಿ ಹೋದದ್ದು ನವೆಂಬರಿನ ಚಳಿಯ ದಟ್ಟ ಗಾಳಿಯಲ್ಲಿ ತೂರಾಡಬಹುದು. 150 ಅಥವಾ ಅದಕ್ಕಿಂತ ಕಡಿಮೆಯದಾದರೆ ಚಿಂತೆಯಿಲ್ಲ.

ತಿರುಪು ಎಷ್ಟೆಂದು ಗೊತ್ತಿಲ್ಲದಿದ್ದರೆ ಮನೆಯಲ್ಲೇ ಅಳೆಯಬಹುದು. ರೈಫಲ್ ಖಾಲಿ ಇದೆಯೆಂದು ಕಣ್ಣಲ್ಲೂ ಬೆರಳಲ್ಲೂ ನೋಡಿ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆದಿಡಿ. ಹಿಡಿಕೆ ತನ್ನಷ್ಟಕ್ಕೆ ತಿರುಗುವ ಶುದ್ಧಿ ಕಡ್ಡಿಗೆ ಬಿಗಿಯಾಗಿ ಬಟ್ಟೆ ಸುತ್ತಿ, ಹಿಂದಿನಿಂದ ಎರಡು ಮೂರು ಇಂಚು ನೂಕಿ. ಕಡ್ಡಿ ರೈಫಲಿನೊಳಗೆ ಹೋಗುವ ಜಾಗದಲ್ಲಿ ಕಡ್ಡಿಯ ಮೇಲೆ ಒಂದು ಗುರುತು ಹಾಕಿ, ಹಿಡಿಕೆಯ ಹತ್ತಿರ ಕಡ್ಡಿಯ ಮೇಲ್ಭಾಗಕ್ಕೆ ಟೇಪಿನ ಒಂದು ಸಣ್ಣ ಬಾವುಟ ಅಂಟಿಸಿ. ನಿಧಾನವಾಗಿ ನೂಕುತ್ತಾ ಹೋದರೆ ಬಾವುಟ ಒಂದು ಸುತ್ತು ತಿರುಗಿ ಮತ್ತೆ ಮೇಲೆ ಬರುತ್ತದೆ. ಅಷ್ಟರಲ್ಲಿ ಕಡ್ಡಿ ಎಷ್ಟು ಇಂಚು ಒಳಗೆ ಹೋಯಿತೋ ಅದೇ ತಿರುಪು. ಬಟ್ಟೆ ಸಡಿಲವಿದ್ದರೆ ಜಾರುತ್ತದೆ, ಅಂಕಿ ಸುಳ್ಳಾಗುತ್ತದೆ. ಮೂರು ಸಲ ಅಳೆಯಿರಿ. ಗುರಿಹಲಗೆಯ ಕಾಗದದ ಮೇಲೆ ತೂತು ದುಂಡಗಿರದೆ ಮೊಟ್ಟೆಯಾಕಾರವಾಗಿದ್ದರೆ ಗುಂಡು ವಾಲಿಕೊಂಡು ಹೋಗುತ್ತಿದೆ ಎಂದೇ ಅರ್ಥ. ಆ ತೋಟಾ ಆ ರೈಫಲಿಗೆ ಬೇಡ.

ಡಬ್ಬಿಯ ಹೆಸರಿನಲ್ಲಿ ಮೋಸಹೋಗುವವರು ಬಹಳ. ಗುಂಡಿನ ಹೊರಗೆ ತಾಮ್ರದ ಬಣ್ಣ ಕಂಡರೆ ಸಾಲದು, ಸೀಸದ ಗುಂಡಿಗೂ ತಾಮ್ರದ ಹೊದಿಕೆ ಇರುತ್ತದೆ. ಅಯಸ್ಕಾಂತ ಇಟ್ಟು ನೋಡುವವರಿದ್ದಾರೆ. ತಾಮ್ರಕ್ಕೂ ಅಂಟದು, ಸೀಸಕ್ಕೂ ಅಂಟದು. ಓದಬೇಕಾದ್ದು ಹೆಸರಿನ ಕೊನೆಯ ಪದವನ್ನು. ಫೆಡರಲ್‌ನ ಟ್ರೋಫಿ ಕಾಪರ್ ತಾಮ್ರ, ಟ್ರೋಫಿ ಬಾಂಡೆಡ್ ಟಿಪ್ ಸೀಸ. ಬರೀ ಪವರ್-ಶಾಕ್ ಸೀಸ, ಪವರ್-ಶಾಕ್ ಕಾಪರ್ ತಾಮ್ರ. ವಿಂಚೆಸ್ಟರ್‌ನ ಡೀರ್ ಸೀಸನ್ ಎಕ್ಸ್‌ಪಿಯಲ್ಲಿ ಕಾಪರ್ ಇಂಪ್ಯಾಕ್ಟ್ ಎಂದಿದ್ದರೆ ಮಾತ್ರ ತಾಮ್ರ. ರೆಮಿಂಗ್ಟನ್ ಕೋರ್-ಲಾಕ್ಟ್ ದಶಕಗಳ ಸೀಸ, ಕೋರ್-ಲಾಕ್ಟ್ ಕಾಪರ್ ಹೊಸದು. ಹಾರ್ನಡಿಯ ಸೂಪರ್‌ಫಾರ್ಮೆನ್ಸ್‌ನಲ್ಲಿ ಎಸ್‌ಎಸ್‌ಟಿ ಸೀಸ, ಸಿಎಕ್ಸ್ ತಾಮ್ರದ ಮಿಶ್ರಲೋಹ. ಬಾರ್ನ್ಸ್ ವೋರ್-ಟಿಎಕ್ಸ್‌ನ ಟಿಎಸ್‌ಎಕ್ಸ್, ಟಿಟಿಎಸ್‌ಎಕ್ಸ್, ಎಲ್‌ಆರ್‌ಎಕ್ಸ್ ಮೂರೂ ತಾಮ್ರವೇ. ನಾಸ್ಲರ್‌ನ ಇ-ಟಿಪ್ ತಾಮ್ರ-ಸತುವಿನ ಬೆರಕೆ, ಅದೂ ನಡೆಯುತ್ತದೆ. ಸೀಸನ್ ಗದ್ದಲದಲ್ಲಿ ಕಪಾಟಿನಲ್ಲಿ ಇವೆಲ್ಲ ಒಂದರ ಪಕ್ಕ ಒಂದು, ಅದೇ ಬಣ್ಣದ ಡಬ್ಬಿಯಲ್ಲಿ ಕೂತಿರುತ್ತವೆ. ನಮ್ಮ ಕೆಲಸದ ಅರ್ಧ ಭಾಗ ಡಬ್ಬಿಯನ್ನು ತಿರುಗಿಸಿ ಗಿರಾಕಿಯ ಕಣ್ಣ ಮುಂದೆ ಹಿಡಿಯುವುದು, ನಳಿಗೆಯ ಮೇಲೆ ಕೊರೆದ ಹೆಸರಿಗೂ ಡಬ್ಬಿಯ ಹೆಸರಿಗೂ ತಾಳೆ ನೋಡಿಸುವುದು.

ತುದಿಯ ಆಕಾರವನ್ನೂ ನೋಡಿ. ಪ್ಲಾಸ್ಟಿಕ್ ತುದಿ ಇರುವುದು, ಬಾರ್ನ್ಸ್‌ನ ನೀಲಿ ತುದಿಯ ಹಾಗೆ, ತಾಗಿದ ಕ್ಷಣ ಹಿಂದಕ್ಕೆ ಒತ್ತಿ ಕುಳಿಯನ್ನು ಬಿಡಿಸುತ್ತದೆ. ತುದಿಯಿಲ್ಲದ ಬರೀ ಕುಳಿಯದ್ದರಲ್ಲಿ ಮ್ಯಾಗಜಿನ್ನಿನ ಎದುರು ಗೋಡೆಗೆ ಬಡಿಬಡಿದು ಬಾಯಿ ಮುಚ್ಚಿಹೋಗುವುದುಂಟು. ಹಾಗೆ ಚಪ್ಪಟೆಯಾದ ತೋಟಾ ಕಂಡರೆ ಅದನ್ನು ಕಾಗದಕ್ಕೆ ಹೊಡೆಯಲು ತೆಗೆದಿಡಿ, ಪ್ರಾಣಿಗೆ ಬೇಡ. .30-30ಯಂಥ ಲಿವರ್ ರೈಫಲಿನಲ್ಲಿ ತೋಟಾಗಳು ಕೊಳವೆಯೊಳಗೆ ಸಾಲಾಗಿ, ಹಿಂದಿನದರ ತುದಿ ಮುಂದಿನದರ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಕೇಪಿಗೆ ತಾಗಿ ಕೂರುತ್ತವೆ. ಅಲ್ಲಿ ಗಟ್ಟಿ ಚೂಪು ತುದಿ ಹಾಕಿದರೆ ಒದೆತಕ್ಕೆ ಕೊಳವೆಯೊಳಗೇ ಈಡು ಹಾರುವ ಅಪಾಯವಿದೆ. ಅದಕ್ಕೆ ಚಪ್ಪಟೆ ಮೂತಿಯ ತಾಮ್ರದ್ದು ಅಥವಾ ಕೊಳವೆಗೆಂದೇ ಮೆತ್ತನೆ ತುದಿ ಇಟ್ಟು ಮಾಡಿದ್ದು ಮಾತ್ರ.

ಆರಿಸಿದ್ದಾಯಿತು, ಇನ್ನು ಗುರಿ ಕೂಡಿಸುವುದು. ಸೀಸದ ತೋಟಾಕ್ಕೆ ಕೂಡಿಸಿದ ರೈಫಲಿನ ಮೇಲಿನ ಗುರಿ ದುರ್ಬೀನು ತಾಮ್ರಕ್ಕೂ ನಡೆಯುತ್ತದೆ ಎಂದುಕೊಂಡು ನೇರವಾಗಿ ಕಾಡಿಗೆ ಹೋಗುವವರು ಪ್ರತಿವರ್ಷ ಇರುತ್ತಾರೆ. ಅದೇ ತೂಕದ್ದಾದರೂ 100 ಗಜದಲ್ಲೇ ಗುಂಡು ಬೇರೆ ಜಾಗಕ್ಕೆ ಬೀಳಬಹುದು. ಮೊದಲು ನಳಿಗೆಯಲ್ಲಿ ಹಳೆಯ ಗುಂಡುಗಳು ಬಿಟ್ಟುಹೋದ ತಾಮ್ರವನ್ನು ಪೂರ್ತಿ ತೆಗೆಯಬೇಕು. ತಾಮ್ರ ಕರಗಿಸುವ ದ್ರಾವಣ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಬಟ್ಟೆ ತೂರಿಸಿ. ಬಟ್ಟೆ ನೀಲಿಯಾಗಿ ಬಂದರೆ ಒಳಗೆ ಇನ್ನೂ ತಾಮ್ರವಿದೆ. ಬಿಳಿಯಾಗಿ ಬರುವವರೆಗೂ ಮಾಡಿ. ಈ ಕೆಲಸಕ್ಕೆ ನೈಲಾನ್ ಬ್ರಷ್ ಇರಲಿ, ಕಂಚಿನದಾದರೆ ದ್ರಾವಣ ಅದನ್ನೇ ತಿಂದು ಬಟ್ಟೆಯನ್ನು ನೀಲಿ ಮಾಡಿ ದಾರಿ ತಪ್ಪಿಸುತ್ತದೆ. ಕೊನೆಗೆ ದ್ರಾವಣ ಒರೆಸಿ ಒಣಗಿಸಿ. ತೊಳೆದ ನಳಿಗೆಯ ಮೊದಲ ಮೂರು ನಾಲ್ಕು ಈಡನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಆಮೇಲೆ ಮೂರು ಮೂರರಂತೆ ಮೂರು ಗುಂಪು, ನಡುವೆ ನಳಿಗೆ ಕೈಗೆ ತಣ್ಣಗಾಗುವಷ್ಟು ಬಿಡುವು.

ಕಾರ್ಖಾನೆಯ ತೋಟಾದಲ್ಲಿ ಗುಂಡು ಎಷ್ಟು ಆಳಕ್ಕೆ ಕೂತಿದೆ ಎಂಬುದನ್ನು ನಾವು ಬದಲಾಯಿಸಲಾಗದು. ಒಂದು ರೈಫಲಿಗೆ ಒಂದು ತಯಾರಿಕೆ ಹಿಡಿಸದಿದ್ದರೆ ಇನ್ನೊಂದನ್ನು ನೋಡುವುದೊಂದೇ ದಾರಿ. ಆದ್ದರಿಂದ ಎರಡು ಮೂರು ತಯಾರಿಕೆಯ ಒಂದೊಂದು ಡಬ್ಬಿ ಮೊದಲು ಕೊಳ್ಳಿ. ಹಿಡಿಸಿದ್ದರಲ್ಲಿ ಅದೇ ಲಾಟ್ ನಂಬರಿನ ಇನ್ನೆರಡು ಡಬ್ಬಿ. 20 ತೋಟಾದ ಡಬ್ಬಿಗೆ ಸೀಸದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು ಬೀಳುತ್ತದೆ, ನಿಜ. ಆದರೆ ಸೀಸದಲ್ಲಿ ಅಭ್ಯಾಸ ಮಾಡಿ ತಾಮ್ರದಲ್ಲಿ ಬೇಟೆಗೆ ಹೋಗುವ ಉಳಿತಾಯ ಮಾತ್ರ ಬೇಡ.

ಅಭ್ಯಾಸದ ಜಾಗದ ಬಗ್ಗೆಯೂ ಒಂದು ಮಾತು. ಅಮೆರಿಕದ ಅರಣ್ಯ ಸೇವೆಯ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಉಕ್ಕಿನ ಹಲಗೆಗೆ ಗುಂಡು ಹೊಡೆದು, ಸಿಡಿದ ಚೂರುಗಳು ಒಣ ಪೀಟ್ ಪಾಚಿಗೆ ಬೆಂಕಿ ಹಚ್ಚುತ್ತವೆಯೇ ಎಂದು ನೋಡಿದರು. ಉಕ್ಕಿನ ಅಂಶವಿರುವ ಗುಂಡು ಮತ್ತು ಅಪ್ಪಟ ತಾಮ್ರದ ಗುಂಡು ಖಾತ್ರಿಯಾಗಿ ಬೆಂಕಿ ಹಚ್ಚಿದವು. ಆಗಸ್ಟಿನ ಕ್ಯಾಲಿಫೋರ್ನಿಯಾದಲ್ಲಿ ಹುಲ್ಲು ಬಂಗಾರದ ಬಣ್ಣಕ್ಕೆ ಒಣಗಿ ನಿಂತಿರುತ್ತದೆ. ಗುರಿಗೆಂದು ತೂಗುಹಾಕುವ ಉಕ್ಕಿನ ಗಂಟೆ, ಬಂಡೆಗೆ ತಾಮ್ರ ಹೊಡೆಯಬೇಡಿ; ಕಾಗದ, ಹಿಂದೆ ಹಸಿ ಮಣ್ಣಿನ ದಿಬ್ಬ, ಅಷ್ಟೇ.

ಕಾಡಿನಲ್ಲಿ ಗುರಿಯ ಜಾಗವೂ ಸ್ವಲ್ಪ ಮುಂದಕ್ಕೆ ಸರಿಯಬೇಕು. ಸೀಸಕ್ಕೆ ಹೆಗಲ ಹಿಂದಿನ ಮಡಿಕೆ ಹೇಳುತ್ತಿದ್ದೆವು, ಚೂರುಗಳು ಶ್ವಾಸಕೋಶವನ್ನು ಹರಿದುಹಾಕುತ್ತಿದ್ದವು. ತಾಮ್ರ ಚೂರಾಗದೆ ನೆಟ್ಟಗೆ ಕೊರೆಯುತ್ತದೆ. ಅದಕ್ಕೆ ಹೆಗಲ ಎಲುಬನ್ನು ಸೇರಿಸಿ ಹೊಡೆಯಿರಿ: ಎಲುಬು ಮುರಿದರೆ ಪ್ರಾಣಿ ದೂರ ಓಡದು, ಗಟ್ಟಿ ತಾಗಿದ್ದರಿಂದ ದಳ ಬೇಗ ಬಿಚ್ಚುತ್ತದೆ, ಮಾಂಸ ಹಾಳಾಗುವುದೂ ಸೀಸಕ್ಕಿಂತ ಕಡಿಮೆ. ಗುಂಡು ಆಚೆ ಬದಿಯಿಂದ ಹೊರಬೀಳುವುದು ಇಲ್ಲಿ ಮಾಮೂಲು. ಎಲ್ಕ್ ಹಿಂಡಿನಲ್ಲಿ ಒಂದರ ಹಿಂದೆ ಇನ್ನೊಂದು ನಿಂತಿದ್ದರೆ ಬೆರಳನ್ನು ರೈಫಲಿನ ಕುದುರೆಯಿಂದ (ಟ್ರಿಗರ್) ಆಚೆಗಿಟ್ಟು ಕಾಯಿರಿ.

ಹೊರಡುವ ಹಿಂದಿನ ರಾತ್ರಿ ಕೋಟಿನ ಜೇಬು, ಸೊಂಟದ ಪಟ್ಟಿ, ರೈಫಲಿನ ಹಿಂಬದಿಗೆ ತೊಡಿಸಿದ ಎಲಾಸ್ಟಿಕ್ ಚೀಲ ಎಲ್ಲವನ್ನೂ ಮೇಜಿನ ಮೇಲೆ ಸುರಿದು ನೋಡಿ. ಹೋದ ವರ್ಷದ ಸೀಸದ ತೋಟಾ ಸಿಗುವುದು ಅಲ್ಲೇ. ಬೇಟೆಯಲ್ಲಿ ನಿಮ್ಮ ರೈಫಲಿಗೆ ಹೊಂದುವ ಒಂದೇ ಒಂದು ಸೀಸದ ತೋಟಾ ಮೈಮೇಲೆ ಇದ್ದರೂ, ಹಾರಿಸದಿದ್ದರೂ, ಅದು ಅಪರಾಧ. ತಾಮ್ರದ್ದನ್ನು ಅದರ ಡಬ್ಬಿಯಲ್ಲೇ ಒಯ್ಯಿರಿ; ಬೇಟೆ ತಪಾಸಣೆಯ ಅಧಿಕಾರಿ ವಾರ್ಡನ್ ಕೇಳಿದಾಗ ಡಬ್ಬಿಯ ಮೇಲಿನ ಹೆಸರೇ ಉತ್ತರ ಹೇಳುತ್ತದೆ.