ಒಂದು ಗಂಟೆ ಮೊದಲೇ ಸುಳಿವು ಸಿಕ್ಕಿತ್ತು: ಪರ್ಲ್ ಹಾರ್ಬರ್‌ನಲ್ಲಿ ಒಂದು ದಿನ

ಹವಾಯಿಯ ಹೊನೊಲುಲುಗೆ ಹೋದವರು ಸಾಮಾನ್ಯವಾಗಿ ವೈಕಿಕಿ ಬೀಚಿನಲ್ಲೇ ಉಳಿದುಬಿಡುತ್ತಾರೆ. ನಮ್ಮ ಮನೆಯವರಿಗೂ ಅದೇ ಆಸೆ ಇತ್ತು. 1941ರಲ್ಲಿ ಜಪಾನ್ ದಾಳಿ ಮಾಡಿದ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ನೋಡದೆ ವಾಪಸ್ ಬರುವುದಿಲ್ಲ ಅಂತ ನಾನು ಹಟ ಹಿಡಿದೆ. ವೈಕಿಕಿಯಿಂದ ಸಿಟಿ ಬಸ್ಸಿನಲ್ಲೇ ಹೋಗಬಹುದು. ಅದು ಈಗಲೂ ನೌಕಾಪಡೆಯ ನೆಲೆ, ಹಾಗಾಗಿ ಕೈಚೀಲ, ಬ್ಯಾಕ್‌ಪ್ಯಾಕ್ ಯಾವುದನ್ನೂ ಒಳಗೆ ಬಿಡುವುದಿಲ್ಲ. ಆ ದಾಳಿಯಲ್ಲಿ ಮುಳುಗಿದ ಅರಿಜೋನಾ ಯುದ್ಧಹಡಗಿನ ಸ್ಮಾರಕಕ್ಕೆ ಪ್ರವೇಶ ಉಚಿತ. ಆದರೆ ದೋಣಿಯ ಸಮಯವನ್ನು ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿಕೊಂಡರೆ ಒಳ್ಳೆಯದು.

ಬಂದವರಲ್ಲಿ ಎಷ್ಟೋ ಜನ ನೇರವಾಗಿ ದೋಣಿ ಹತ್ತಲು ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ದಡದಲ್ಲಿರುವ ಮ್ಯೂಸಿಯಂ ಮೊದಲು ನೋಡಿ. ಅಲ್ಲಿ ಅಂದಿನ ಕಥೆ ಗಂಟೆ ಗಂಟೆಗೂ ಬಿಚ್ಚಿಕೊಳ್ಳುತ್ತದೆ.

1941ರ ನವೆಂಬರ್ 26ರಂದು ಜಪಾನಿನ ಆರು ವಿಮಾನವಾಹಕ ಹಡಗುಗಳು ಜಪಾನಿನ ಉತ್ತರಕ್ಕಿರುವ ಕುರಿಲ್ ದ್ವೀಪಗಳಿಂದ ಹೊರಟವು. ಯೋಜನೆ ಅಡ್ಮಿರಲ್ ಯಮಮೊಟೊ ಅವರದು, ಪಡೆಯ ಮುಂದಾಳು ನಗುಮೊ. ವ್ಯಾಪಾರದ ಹಡಗುಗಳು ಹೆಚ್ಚು ಓಡಾಡದ ಉತ್ತರದ ದಾರಿ ಹಿಡಿದು, ವೈರ್‌ಲೆಸ್ ಸದ್ದೇ ಇಲ್ಲದೆ ಬಂದರು. ಪರ್ಲ್ ಹಾರ್ಬರ್‌ನಲ್ಲಿ ನೀರಿನ ಆಳ ಸುಮಾರು 40 ಅಡಿ ಅಷ್ಟೇ. ವಿಮಾನದಿಂದ ಬಿಟ್ಟ ಟಾರ್ಪಿಡೊ (ನೀರೊಳಗೆ ಸಾಗಿ ಹಡಗಿಗೆ ಬಡಿಯುವ ಸಿಡಿಗುಂಡು) ಸಾಮಾನ್ಯವಾಗಿ ಅಷ್ಟು ಕಡಿಮೆ ನೀರಿನಲ್ಲಿ ಕೆಸರಿಗೆ ಹೋಗಿ ನಾಟಿಕೊಳ್ಳುತ್ತದೆ. ಅದಕ್ಕೆ ಮರದ ರೆಕ್ಕೆ ಕಟ್ಟಿ ಜಪಾನಿನವರು ಆ ತೊಂದರೆ ನೀಗಿಸಿಕೊಂಡಿದ್ದರು.

ಶಾಲೆಯಲ್ಲಿ ನಾವೆಲ್ಲ ಇದನ್ನು ಅನಿರೀಕ್ಷಿತ ದಾಳಿ ಅಂತಲೇ ಓದಿದ್ದು, ಅಲ್ವಾ? ಆದರೆ ಡಿಸೆಂಬರ್ 7ರ ಆ ಭಾನುವಾರ ಬೆಳಗ್ಗೆ 6:45ಕ್ಕೇ, ಬಂದರಿನ ಬಾಯಲ್ಲಿ ಕಾವಲಿದ್ದ ಯುಎಸ್‌ಎಸ್ ವಾರ್ಡ್ ಹಡಗು ಒಂದು ಪುಟ್ಟ ಜಲಾಂತರ್ಗಾಮಿಯನ್ನು ಹೊಡೆದು ಮುಳುಗಿಸಿತ್ತು. ಕೂಡಲೇ ಸುದ್ದಿಯನ್ನೂ ಕಳಿಸಿತ್ತು. ನಿಜವೋ ಸುಳ್ಳೋ ಅಂತ ವಿಚಾರಿಸುವುದರಲ್ಲೇ ಮೇಲಿನವರ ಹೊತ್ತು ಕಳೆಯಿತು. 2002ರಲ್ಲಿ ಆ ಜಲಾಂತರ್ಗಾಮಿ ಸಮುದ್ರದ ತಳದಲ್ಲಿ ಸಿಕ್ಕಿತು. ವಾರ್ಡ್‌ನ ಗುಂಡು ಮಾಡಿದ ತೂತು ಅದರಲ್ಲಿ ಹಾಗೇ ಇತ್ತು.

7:02ಕ್ಕೆ ಇನ್ನೊಂದು ಸುಳಿವು. ದ್ವೀಪದ ಉತ್ತರ ತುದಿಯಲ್ಲಿ ಓಪಾನಾ ಎಂಬಲ್ಲಿ ರೇಡಾರ್ ಇತ್ತು. ಅಲ್ಲಿದ್ದ ಲಾಕಾರ್ಡ್, ಎಲಿಯಟ್ ಎಂಬ ಇಬ್ಬರು ಸಿಪಾಯಿಗಳ ಪಾಳಿ 7ಕ್ಕೆ ಮುಗಿದಿತ್ತು. ತಿಂಡಿಗೆ ಕರೆದುಕೊಂಡು ಹೋಗಬೇಕಿದ್ದ ಲಾರಿ ಬರುವುದು ತಡವಾಯಿತು. ಕಲಿತಂತಾಗುತ್ತದೆ ಅಂತ ಯಂತ್ರ ಆರಿಸದೆ ಕೂತಿದ್ದರು. ಪರದೆಯ ಮೇಲೆ ವಿಮಾನಗಳ ದೊಡ್ಡ ಗುಂಪು ಕಂಡಿತು. ಫೋನ್ ಮಾಡಿ ಹೇಳಿದರು. ಆ ಬೆಳಗ್ಗೆ ಕ್ಯಾಲಿಫೋರ್ನಿಯಾದಿಂದ ಅಮೆರಿಕದ್ದೇ ಬಿ-17 ವಿಮಾನಗಳು ಬರುವುದಿತ್ತು. ಅವೇ ಇರಬೇಕು, ಚಿಂತೆ ಬೇಡ ಅಂದುಬಿಟ್ಟರು ಫೋನ್ ತೆಗೆದ ಅಧಿಕಾರಿ. ವಾಷಿಂಗ್ಟನ್‌ನಿಂದ ಸೇನಾ ಮುಖ್ಯಸ್ಥ ಜನರಲ್ ಮಾರ್ಷಲ್ ಕಳಿಸಿದ ಎಚ್ಚರಿಕೆಯೂ ಸೇನೆಯ ರೇಡಿಯೊ ಸಿಗದೆ ಸಾಮಾನ್ಯ ಟೆಲಿಗ್ರಾಂ ಆಗಿ ಬಂತು. ಬಾಂಬುಗಳ ನಡುವೆ ಮೋಟರ್‌ಸೈಕಲ್‌ನಲ್ಲಿ ಅದನ್ನು ತಲುಪಿಸಿದವನು ಜಪಾನಿ ಮೂಲದ ಒಬ್ಬ ಹುಡುಗ. ತಲುಪಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮುಂದಿನ ತಿಂಗಳುಗಳಲ್ಲಿ ಅಮೆರಿಕ ತನ್ನ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಬಂಧನ ಶಿಬಿರಗಳಿಗೆ ತಳ್ಳಿತು. ಇದನ್ನು ಓದಿ ನನಗೆ ತುಂಬಾ ಸಂಕಟವಾಯಿತು.

7:55ಕ್ಕೆ ಬಾಂಬು ಬೀಳತೊಡಗಿತು. ಎರಡು ಅಲೆಗಳಲ್ಲಿ 350ಕ್ಕೂ ಹೆಚ್ಚು ವಿಮಾನಗಳು. ಒಳಗಿನವರೇ ಹಾಳುಮಾಡಬಹುದು ಎಂಬ ಭಯದಲ್ಲಿ ಅಮೆರಿಕದ ಸೇನೆ, ಕಾವಲಿಗೆ ಸುಲಭವಾಗಲಿ ಅಂತ, ತನ್ನ ವಿಮಾನಗಳನ್ನು ಒತ್ತೊತ್ತಾಗಿ ಸಾಲಾಗಿ ನಿಲ್ಲಿಸಿತ್ತು. ಮೇಲಿಂದ ಹೊಡೆಯಲು ಅದಕ್ಕಿಂತ ಸುಲಭ ಇನ್ನೇನಿದೆ? ಸತ್ತ ಅಮೆರಿಕನ್ನರು 2,403. ಅವರಲ್ಲಿ 1,177 ಮಂದಿ ಅರಿಜೋನಾ ಒಂದರಲ್ಲೇ.

ದೋಣಿ ನಡೆಸುವವರು ನೌಕಾಪಡೆಯವರೇ. ಸ್ಮಾರಕ ಬಿಳಿ ಸೇತುವೆಯ ಹಾಗೆ ಮುಳುಗಿದ ಹಡಗಿನ ಮೇಲೆ ಅಡ್ಡಲಾಗಿ ನಿಂತಿದೆ, ಎಲ್ಲೂ ಹಡಗನ್ನು ಮುಟ್ಟುವುದಿಲ್ಲ. ಇದನ್ನು ವಿನ್ಯಾಸ ಮಾಡಿದ ಆಲ್ಫ್ರೆಡ್ ಪ್ರೈಸ್, ಆಗ ಜರ್ಮನಿಯ ಕೈಯಲ್ಲಿದ್ದ ಆಸ್ಟ್ರಿಯಾದಿಂದ ಬಂದವರು. ದಾಳಿ ಆದಮೇಲೆ ಶತ್ರುದೇಶದವರು ಅಂತ ಅವರನ್ನೂ ಹೊನೊಲುಲುವಿನಲ್ಲೇ ಬಂಧಿಸಿಟ್ಟಿದ್ದರು!

ಕೆಳಗೆ ನೋಡಿದರೆ ನೀರಿನ ಮೇಲೆ ಎಣ್ಣೆಯ ಬಣ್ಣಬಣ್ಣದ ಪದರ. ಹಡಗಿನಿಂದ ಇವತ್ತಿಗೂ ದಿನಾ ಸ್ವಲ್ಪ ಸ್ವಲ್ಪ ಎಣ್ಣೆ ಸೋರುತ್ತಿದೆ. 900ಕ್ಕೂ ಹೆಚ್ಚು ಜನ ಅದರೊಳಗೇ ಇದ್ದಾರೆ. ಅಮೃತಶಿಲೆಯ ಗೋಡೆಯಲ್ಲಿ ಹೆಸರು ಓದುತ್ತಾ ಹೋದರೆ ಒಂದೇ ಮನೆಯ ಹೆಸರು ಎರಡೆರಡು ಸಲ ಬರುತ್ತದೆ. ಒಂದೇ ಹಡಗಿನಲ್ಲಿ ಅಣ್ಣತಮ್ಮಂದಿರು ಕೆಲಸ ಮಾಡುತ್ತಿದ್ದರು. ಹಡಗಿನ ಬ್ಯಾಂಡಿನ 21 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಬದುಕುಳಿದವರಲ್ಲಿ 40ಕ್ಕೂ ಹೆಚ್ಚು ಮಂದಿ, ಮುಪ್ಪಿನಲ್ಲಿ ತೀರಿಕೊಂಡ ಮೇಲೆ, ತಮ್ಮ ಬೂದಿಯನ್ನು ಇದೇ ಹಡಗಿನೊಳಗೆ ಇಡಿಸಿಕೊಂಡಿದ್ದಾರೆ. ಒಂದು ಗಂಟೆಯ ಆ ಸುಳಿವನ್ನು ಯಾರಾದರೂ ನಂಬಿದ್ದರೆ ಹಡಗುಗಳನ್ನು ಉಳಿಸಲು ಆಗುತ್ತಿರಲಿಲ್ಲವೇನೋ. ಆದರೆ ತೋಪುಗಳ ಹತ್ತಿರ ಜನ ಸಿದ್ಧರಾಗಿ ನಿಂತಿರುತ್ತಿದ್ದರು. ಇದರಲ್ಲಿ ಎಷ್ಟು ಹೆಸರು ಗೋಡೆಗೆ ಬರದೆ ಇರುತ್ತಿತ್ತೋ ಅಂತ ನನಗೆ ಅನ್ನಿಸುತ್ತಲೇ ಇತ್ತು.

ಇದು ನಮಗೆ ಸಂಬಂಧವಿಲ್ಲದ ದೂರದ ಕಥೆಯಲ್ಲ. ನಾಲ್ಕೇ ತಿಂಗಳಲ್ಲಿ, 1942ರ ಏಪ್ರಿಲ್ 5ರಂದು, ನಗುಮೊ ಪಡೆ ಕೊಲಂಬೊ ಮೇಲೆ ಎರಗಿತು. ಅವತ್ತೂ ಭಾನುವಾರವೇ. ಮರುದಿನ ಜಪಾನಿನ ಇನ್ನೊಂದು ಪಡೆಯ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೂ ಬಾಂಬು ಹಾಕಿದವು. ಆದರೆ ಕೊಲಂಬೊದಲ್ಲಿ ಒಂದು ವ್ಯತ್ಯಾಸವಿತ್ತು. ಹಿಂದಿನ ದಿನ ಗಸ್ತಿನಲ್ಲಿದ್ದ ಕೆನಡಾದ ಪೈಲಟ್ ಲಿಯೊನಾರ್ಡ್ ಬರ್ಚಾಲ್ ಆ ಹಡಗುಗಳನ್ನು ಕಂಡು, ತಮ್ಮ ವಿಮಾನ ಉರುಳುವ ಮೊದಲು ಸುದ್ದಿ ಮುಟ್ಟಿಸಿದ್ದರು. ಅದನ್ನು ನಂಬಿ ಬಂದರಿನ ಹಡಗುಗಳನ್ನು ಹೊರಗೆ ಕಳಿಸಿದರು. ಅನಾಹುತ ಆಯಿತು, ನಿಜ. ಆದರೆ ಬಂದರಿನಲ್ಲಿ ಪರ್ಲ್ ಹಾರ್ಬರ್‌ನಷ್ಟು ಆಗಲಿಲ್ಲ.

ಅರಿಜೋನಾ ಹತ್ತಿರವೇ ಮಿಸೌರಿ ಹಡಗಿದೆ, 1945ರ ಸೆಪ್ಟೆಂಬರ್ 2ರಂದು ಜಪಾನ್ ಶರಣಾಗತಿಗೆ ಸಹಿ ಹಾಕಿದ್ದು ಅದರ ಮೇಲೆ. ಸಮಯವಿದ್ದರೆ ನೋಡಿ. ಸಮಯ ಕಡಿಮೆ ಇದ್ದರೆ ಅದನ್ನು ಬಿಟ್ಟು ಊರೊಳಗಿನ ಪಂಚ್‌ಬೌಲ್ ಸೈನಿಕ ಸ್ಮಶಾನಕ್ಕೆ ಹೋಗಿ. ನಾವು ಹಾಗೇ ಮಾಡಿದೆವು. ಪರ್ಲ್ ಹಾರ್ಬರ್ ದಾಳಿಯಲ್ಲಿ ಮಗುಚಿಬಿದ್ದ ಒಕ್ಲಹೋಮಾ ಹಡಗಿನಲ್ಲಿ 429 ಮಂದಿ ಸತ್ತರು. ಒಳಗಿನಿಂದ ಬಡಿಯುವ ಸದ್ದು ಕೇಳಿ, ತಳ ಕೊರೆದು 32 ಮಂದಿಯನ್ನು ಜೀವಂತ ಹೊರತೆಗೆದರು. ಸತ್ತವರಲ್ಲಿ ಹೆಚ್ಚಿನವರ ಗುರುತು ಸಿಗದೆ, ಹೆಸರಿಲ್ಲದ ಸಮಾಧಿಗಳಲ್ಲಿ ಇಲ್ಲಿ ಮಣ್ಣು ಮಾಡಿದ್ದರು. 2015ರಲ್ಲಿ ಅವನ್ನು ತೆರೆದು ಡಿಎನ್‌ಎ ಪರೀಕ್ಷೆ ಶುರು ಮಾಡಿದರು. ಆರೇ ವರ್ಷಗಳಲ್ಲಿ ಬಹುತೇಕ ಎಲ್ಲರ ಹೆಸರು ಸಿಕ್ಕಿತು. ಎಷ್ಟೋ ಮಂದಿಯನ್ನು ಅವರವರ ಊರಿಗೇ ಕರೆದೊಯ್ದರು. ಗುರುತು ಸಿಗದೆ ಉಳಿದ 33 ಮಂದಿಯನ್ನು 2021ರ ಡಿಸೆಂಬರ್ 7ರಂದು ಇಲ್ಲೇ ಮತ್ತೆ ಮಣ್ಣು ಮಾಡಿದರು.