ಗೇಟ್ ಹಾಕಿದ ಮೇಲೆ: ಕಾಡಲ್ಲಿ ಸಿಕ್ಕಿಕೊಂಡವರ ಕಿರುಚಿತ್ರ, ಇಲ್ಲಿಯವರೆಗಿನ ಕೆಲಸ

ಸಂಕ್ರಾಂತಿ ಆಸುಪಾಸು

ಎಳೆ ಒಂದೇ ಸಾಲಿನದು. ಬೆಂಗಳೂರಿನಿಂದ ಕಾರಲ್ಲಿ ಹೊರಟ ನಾಲ್ವರು ರಾತ್ರಿ ಕಾಡಿನ ರಸ್ತೆಯಲ್ಲಿ ಸಿಕ್ಕಿಕೊಳ್ಳುತ್ತಾರೆ, ಬೆಳಗಾಗುವ ತನಕ ಬದುಕಿರಬೇಕು. ಹದಿನೈದು ನಿಮಿಷ ಮೀರಬಾರದು ಅಂತ ನಮ್ಮ ನಮ್ಮಲ್ಲೇ ಕರಾರು. ದುಡ್ಡು ಜೇಬಿನದು. ಕ್ಯಾಮೆರಾ ಹಿಡಿಯುವವನು ಮದುವೆ ಶೂಟ್ ಮಾಡುವ ಗೆಳೆಯ, ಹಾಗಾಗಿ ಪಂಚಾಂಗದಲ್ಲಿ ಒಳ್ಳೆ ಮುಹೂರ್ತ ಇದ್ದ ದಿನ ನಮಗೆ ರಜೆ.

ಬರೆಯಲು ಕೂತಾಗ ಅಡ್ಡ ಬಂದದ್ದು ದೆವ್ವವಲ್ಲ, ಜನಸಂಖ್ಯೆ. ಈ ಜಾತಿಯ ಸಿನಿಮಾಕ್ಕೆ ಮೊದಲು ಖಾಲಿ ಜಾಗ ಬೇಕು. 2005ರ ಆಸ್ಟ್ರೇಲಿಯನ್ ಚಿತ್ರ ‘ವುಲ್ಫ್ ಕ್ರೀಕ್’ನಲ್ಲಿ ಮೂವರು ಪ್ರವಾಸಿಗರು ಉಲ್ಕೆ ಬಿದ್ದು ಆದ ಕುಳಿ ನೋಡಲು ಹೋಗುತ್ತಾರೆ, ವಾಪಸ್ ಬಂದರೆ ಕಾರು ಸ್ಟಾರ್ಟ್ ಆಗುವುದಿಲ್ಲ. ಆ ಕುಳಿ ನಿಜಕ್ಕೂ ಪಶ್ಚಿಮ ಆಸ್ಟ್ರೇಲಿಯಾದಲ್ಲಿದೆ, ಸುಮಾರು 880 ಮೀಟರ್ ಅಗಲ. ಹತ್ತಿರದ ಪೇಟೆ ಹಾಲ್ಸ್ ಕ್ರೀಕ್, ರಸ್ತೆಯಲ್ಲಿ ಹೆಚ್ಚುಕಡಿಮೆ 145 ಕಿಲೋಮೀಟರ್. ಅಂದರೆ ಇಲ್ಲಿಂದ ಮೈಸೂರಿಗೆ ಹೋದಷ್ಟು. ಆದರೆ ನಡುವೆ ಬಿಡದಿ ಇಲ್ಲ, ಚನ್ನಪಟ್ಟಣ ಇಲ್ಲ, ಮದ್ದೂರು ಇಲ್ಲ, ಒಬ್ಬ ಎಳನೀರಿನವನೂ ಇಲ್ಲ.

ನಮ್ಮಲ್ಲಿ ಕಾರು ಕೆಟ್ಟು ಬಾನೆಟ್ ಎತ್ತಿ ನಿಂತರೆ ಹತ್ತು ನಿಮಿಷದಲ್ಲಿ ಟಿವಿಎಸ್ ಎಕ್ಸ್‌ಎಲ್ ಮೇಲೆ ಹುಲ್ಲಿನ ಹೊರೆ ಹೇರಿಕೊಂಡ ಒಬ್ಬ ಬಂದೇ ಬರುತ್ತಾನೆ. ‘ಏನಾಯ್ತು ಸಾ? ಯಾವೂರಾಯ್ತು?’ ಅವನ ಹಿಂದೆ ಇನ್ನಿಬ್ಬರು. ಕಾಲು ಗಂಟೆಗೆಲ್ಲ ಬಾನೆಟ್ ಸುತ್ತ ಜನ, ಪ್ರತಿಯೊಬ್ಬನೂ ಮೆಕ್ಯಾನಿಕ್ಕೇ. ಮಾಗಡಿ ಕಡೆಯ ಗೆಳೆಯನಿಗೆ ಮೊದಲ ಡ್ರಾಫ್ಟ್ ಕೊಟ್ಟಿದ್ದೆ, ಅದರಲ್ಲಿ ರಸ್ತೆಯುದ್ದಕ್ಕೂ ಒಂದು ನರಪಿಳ್ಳೆ ಇರಲಿಲ್ಲ. ಓದಿ ಮುಗಿಸಿ ಅವನು ಕೇಳಿದ್ದು ಒಂದೇ: ‘ಇದು ಯಾವ ದೇಶ?’

ಕರ್ನಾಟಕದಲ್ಲಿ ಒಂದು ರಸ್ತೆಯಿಂದ ಜನರನ್ನು ಗುಡಿಸಿ ಹಾಕಲು ನಂಬುವಂಥ ಕಾರಣ ನನಗೆ ಹೊಳೆದದ್ದು ಒಂದೇ, ಅರಣ್ಯ ಇಲಾಖೆಯ ಗೇಟ್. ಬಂಡೀಪುರದೊಳಗೆ ಹಾಯುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. 2009ರಲ್ಲಿ ಬಂದ ಆದೇಶ ಅದು. ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯುವುದನ್ನು ತಪ್ಪಿಸಲು ಮಾಡಿದ್ದು, ಮರುವರ್ಷ ಹೈಕೋರ್ಟು ಎತ್ತಿಹಿಡಿಯಿತು. ಆಂಬುಲೆನ್ಸು, ಬೆರಳೆಣಿಕೆಯ ಸರ್ಕಾರಿ ಬಸ್ಸು ಬಿಟ್ಟರೆ ಒಂಬತ್ತು ಗಂಟೆ ಹೊತ್ತು ಆ ರಸ್ತೆ ಆನೆಗಳದ್ದು. ಗುಂಡ್ಲುಪೇಟೆ ದಾಟಿದ ಮೇಲೆ ಗಡಿಯಾರ ನೋಡಿಕೊಂಡು ಆಕ್ಸಿಲರೇಟರ್ ತುಳಿದವರಿಗೆ ಆ ಕೊನೆಯ ಹತ್ತು ನಿಮಿಷದ ಎದೆಬಡಿತ ಗೊತ್ತಿರುತ್ತದೆ.

ನಮ್ಮ ಕಥೆಯ ಗೇಟಿಗೆ ಹೆಸರಿಟ್ಟಿಲ್ಲ. ಕಾರು 8:50ಕ್ಕೆ ಮೊದಲ ಗೇಟು ದಾಟುತ್ತದೆ, ಎರಡು ಗೇಟಿನ ನಡುವೆ ನಿಂತುಬಿಡುತ್ತದೆ. ಸಮಯದ ಲೆಕ್ಕ ತಾನಾಗಿಯೇ ಸಿಕ್ಕಿತು.

ಶಿವರಾತ್ರಿ ಹೊತ್ತಿಗೆ

ಜಾಗ ಹುಡುಕಾಟ. ತುರಹಳ್ಳಿ ಕಾಡಿಗೆ ಹೋಗಿ ನೋಡಿದೆವು. ಹೆಸರಿಗೆ ಕಾಡು, ಆದರೆ ಬಂಡೆ ಹತ್ತಿ ಯಾವ ಕಡೆ ತಿರುಗಿದರೂ ಅಪಾರ್ಟ್‌ಮೆಂಟ್. ಕ್ಯಾಮೆರಾ ನೆಲಕ್ಕೆ ಅಂಟಿಸಿ ಇಟ್ಟರೆ ನಡೆದೀತೇನೋ, ಆದರೆ ಮೀಸಲು ಅರಣ್ಯ, ಶೂಟಿಂಗ್ ಅನುಮತಿ, ಶುಲ್ಕ, ಅಷ್ಟೆಲ್ಲ ಓಡಾಟ ನಮ್ಮ ಕೈಲಾಗದ್ದು.

ಆ ಸಂಜೆ ಬೇಜಾರಾಗದಂತೆ ಕಾಪಾಡಿದ್ದು ‘ಬ್ಲೇರ್ ವಿಚ್ ಪ್ರಾಜೆಕ್ಟ್’ನ ಸಂಗತಿ. 1999ರಲ್ಲಿ ಬಿಡುಗಡೆಯಾಗಿ ಪ್ರಪಂಚವನ್ನೆಲ್ಲ ಹೆದರಿಸಿದ ಆ ಕಾಡನ್ನು ಬಹುಪಾಲು ಚಿತ್ರಿಸಿದ್ದು ಮೇರಿಲ್ಯಾಂಡಿನ ಸೆನೆಕಾ ಕ್ರೀಕ್ ಪಾರ್ಕಿನಲ್ಲಿ, ವಾಷಿಂಗ್ಟನ್ ನಗರದ ಹೊರವಲಯ ಅದು. ಶೂಟಿಂಗ್ ಎಂಟು ದಿನ. ಕ್ಯಾಮೆರಾ ಹಿಡಿದದ್ದು ನಟರೇ. ಅವರ ಕೈಗೆ ಜಿಪಿಎಸ್ ಕೊಟ್ಟು, ಮುಂದಿನ ದೃಶ್ಯದ ಸೂಚನೆಗಳನ್ನು ದಾರಿಯಲ್ಲಿ ಗುರುತು ಮಾಡಿದ ಕಡೆ ಚೀಟಿಯಲ್ಲಿ ಬರೆದಿಡುತ್ತಿದ್ದರು. ದಿನ ಕಳೆದಂತೆ ಊಟ ಕಡಿಮೆ ಮಾಡುತ್ತ ಹೋದರು, ಮುಖದ ಮೇಲಿನ ಸಿಡುಕು ನಟನೆಯದ್ದಲ್ಲ. (ನಮ್ಮ ತಂಡದಲ್ಲಿ ಈ ಉಪಾಯ ಹೇಳಿ ನೋಡಿದೆ. ಬಿರಿಯಾನಿ ಇಲ್ಲದೆ ಯಾರೂ ಬರುವುದಿಲ್ಲವಂತೆ.) ‘ದಿ ಡಿಸೆಂಟ್’ನಲ್ಲಿ ಆರು ಹೆಂಗಸರು ಸಿಕ್ಕಿಕೊಳ್ಳುವ ಗುಹೆಗಳೂ ಅಷ್ಟೇ, ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್. ಕಥೆ ನಡೆಯುವುದು ಅಮೆರಿಕದ ಬೆಟ್ಟದಲ್ಲಿ.

ಕನ್ನಡದಲ್ಲಿ ಈ ದಾರಿ ಹಿಡಿದವರು ಕಡಿಮೆ. ನಮ್ಮ ದೆವ್ವಗಳು ಮನೆ ಬಾಗಿಲಿಗೇ ಬರುವಂಥವು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬೀದಿಬೀದಿಯ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದದ್ದನ್ನು ನಮ್ಮ ವಯಸ್ಸಿನವರು ಮರೆತಿಲ್ಲ. ಸಿನಿಮಾದಲ್ಲೂ ಹಳೇ ಬಂಗಲೆ, ಬಾವಿ, ಬೀಗ ಹಾಕಿದ ಕೋಣೆ. ಚಾರಣಕ್ಕೆ ಹೋಗಿ ದಾರಿ ತಪ್ಪಿದವರ ಕ್ಯಾಮೆರಾ ಸಿಕ್ಕಿತು ಅನ್ನುವ ರೀತಿಯಲ್ಲಿ 2013ರಲ್ಲಿ ಬಂದ ‘6-5=2’ ಇದಕ್ಕೆ ಹೊರತು, ಹಿಂದಿಗೂ ಹೋಯಿತು. ಅದರ ಅಲುಗಾಡುವ ಕ್ಯಾಮೆರಾ ನಮಗೆ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಯಾರೋ ಓಡುತ್ತಿರುವಾಗಲೂ ರೆಕಾರ್ಡಿಂಗ್ ಯಾಕೆ ನಿಲ್ಲಿಸಲಿಲ್ಲ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

ಕೊನೆಗೆ ಸಿಕ್ಕಿದ್ದು ಮಾಗಡಿ ಹತ್ತಿರ ಗೆಳೆಯನ ದೊಡ್ಡಪ್ಪನ ನೀಲಗಿರಿ ತೋಪು. ನೀಲಗಿರಿಯನ್ನು ಸಾಲು ಹಿಡಿದು ನೆಡುತ್ತಾರೆ. ಕ್ಯಾಮೆರಾವನ್ನು ಸಾಲಿನ ನೇರಕ್ಕೆ ಇಟ್ಟರೆ ಆಚೆ ತುದಿಯ ರಾಗಿ ಹೊಲ ಕಾಣುತ್ತದೆ. ಎರಡು ಹೆಜ್ಜೆ ಓರೆಯಾಗಿ ನಿಂತರೆ ಕಾಂಡದ ಹಿಂದೆ ಕಾಂಡ ಬಂದು ಸಾಲೆಲ್ಲ ಮಾಯ, ಎತ್ತ ನೋಡಿದರೂ ಒಂದೇ ಥರ. ದಾರಿ ತಪ್ಪಿಸಲು ಇದಕ್ಕಿಂತ ಒಳ್ಳೆ ಮರ ಇಲ್ಲ. ಮಲೆನಾಡಿನವರು ನೋಡಿದರೆ ನಗುತ್ತಾರೆ, ನಗಲಿ. ಇಲಾಖೆಯೇ ನೆಟ್ಟ ತೋಪು ಅಂತ ಒಂದು ಸಂಭಾಷಣೆ ಸೇರಿಸಿದ್ದೇವೆ.

ದೊಡ್ಡಪ್ಪನದು ಒಂದೇ ಷರತ್ತು: ಕತ್ತಲಾದ ಮೇಲೆ ಇರಕೂಡದು. ‘ಚಿರತೆ ಓಡಾಡ್ತದೆ. ನೀವು ದೆವ್ವದ ಪಿಚ್ಚರ್ ತೆಗೀರಿ, ಅದುಕ್ಕೇನ್ ಗೊತ್ತಾಯ್ತದೆ.’

ಯುಗಾದಿ ಕಳೆದು

ಹಾಗಾಗಿ ರಾತ್ರಿ ನಡೆಯುವ ಸಿನಿಮಾವನ್ನು ಹಗಲಲ್ಲಿ ತೆಗೆಯಬೇಕಾಯಿತು. ಇದು ಹಳೇ ವಿದ್ಯೆ. ಬಿಸಿಲಿನ ಬಣ್ಣ ಸುಮಾರು 5600 ಕೆಲ್ವಿನ್. ಕ್ಯಾಮೆರಾಕ್ಕೆ ‘ಇದು 3200’, ಅಂದರೆ ಹಳದಿ ಬಲ್ಬಿನ ಬೆಳಕು, ಅಂತ ಸುಳ್ಳು ಹೇಳಿದರೆ ಇಡೀ ಚಿತ್ರ ನೀಲಿಗೆ ತಿರುಗುತ್ತದೆ. ಎಕ್ಸ್‌ಪೋಷರ್ ಎರಡು ಸ್ಟಾಪ್ ಇಳಿಸಬೇಕು, ಅಂದರೆ ಒಳಗೆ ಬರುವ ಬೆಳಕು ಕಾಲು ಭಾಗಕ್ಕೆ ಬರಬೇಕು. ಆಕಾಶ ಫ್ರೇಮಿನೊಳಗೆ ಬರಲೇಬಾರದು. ಸೂರ್ಯ ನಟರ ಬೆನ್ನ ಹಿಂದೆ ಇದ್ದರೆ ತಲೆಗೂದಲ ಅಂಚಿಗೆ ಬೀಳುವ ಬೆಳಕು ಬೆಳದಿಂಗಳಂತೆ ಕಾಣುತ್ತದೆ. ಮಧ್ಯಾಹ್ನ ಮೂರರ ಬಿಸಿಲಲ್ಲಿ ಬೆವರು ಸುರಿಸುತ್ತ ಸ್ವೆಟರ್ ಹಾಕಿಕೊಂಡು ‘ಚಳಿ ಚಳಿ’ ಅಂದವರಿಗೆ ನನ್ನ ನಮಸ್ಕಾರ.

ಕೈಕೊಟ್ಟದ್ದು ಮೊಬೈಲ್ ಟಾರ್ಚ್. ಬಿಸಿಲಲ್ಲಿ ಟಾರ್ಚ್ ಹಾಕಿದರೆ ಬೆಳಕು ಬೀಳುವುದೇ ಇಲ್ಲ, ಟಾರ್ಚ್ ಇಲ್ಲದೆ ಯಾರು ಕಾಡಲ್ಲಿ ನಡೆಯುತ್ತಾರೆ? ಅದಕ್ಕೆ ಟಾರ್ಚಿನ ದೃಶ್ಯಗಳನ್ನೆಲ್ಲ ಸೂರ್ಯ ಮುಳುಗಿದ ಮೇಲಿನ ಮಬ್ಬಿಗೆ ಎತ್ತಿಟ್ಟೆವು. ನಮ್ಮ ಊರಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಯುರೋಪಿನವರಿಗೆ ಸಿಗುವ ಉದ್ದನೆಯ ಮುಸ್ಸಂಜೆ ಇಲ್ಲಿಲ್ಲ. 20 ನಿಮಿಷ ಚಿಲ್ಲರೆ, ಅಷ್ಟರಲ್ಲಿ ಮುಗಿಯಬೇಕು. ದಿನಕ್ಕೆ ಒಂದೋ ಎರಡೋ ಶಾಟ್. ದೊಡ್ಡಪ್ಪ ಟ್ರ್ಯಾಕ್ಟರ್ ಹಾರ್ನ್ ಒತ್ತಿದರೆ ಪ್ಯಾಕಪ್.

ಕೊಳ್ಳಿದೆವ್ವದ ಶಾಟ್ ಮಾತ್ರ ಮೊದಲ ಸಲಕ್ಕೇ ಬಂತು. ಕತ್ತಲಲ್ಲಿ ದೂರದಲ್ಲಿ ಒಂದು ಬೆಂಕಿ ಹೊತ್ತಿಕೊಂಡು ಆರಿ, ಹತ್ತಿರ ಹೋದಷ್ಟೂ ಹಿಂದೆ ಸರಿದು ದಾರಿಹೋಕರನ್ನು ಎಳೆದೊಯ್ಯುತ್ತದೆ ಅನ್ನುವ ನಮ್ಮ ಹಳ್ಳಿಗಳ ಕಥೆ. ಬಿದಿರು ಗಳಕ್ಕೆ ಒಂದು ಎಲ್‌ಇಡಿ, ಅದಕ್ಕೆ ಕಿತ್ತಳೆ ಬಣ್ಣದ ಸೆಲ್ಲೋಫೇನ್, ಮುಂದೆ ಒಬ್ಬ ಕೈಯಾಡಿಸುತ್ತ ಹಿಂದಕ್ಕೆ ನಡೆದದ್ದು. ಖರ್ಚು ಇಲ್ಲವೇ ಇಲ್ಲ ಅನ್ನಿ.

ಟಿವಿಎಸ್ ಮೇಲೆ ಬಂದವನು

ಇಡೀ ಚಿತ್ರ ನಿಂತಿರುವುದು ಇವನ ಮೇಲೆ. ನಮ್ಮಲ್ಲಿ ಯಾರೋ ಒಬ್ಬ ಬಂದೇ ಬರುತ್ತಾನೆ ಅಂದೆನಲ್ಲ, ಗೇಟ್ ಹಾಕಿದ ಮೇಲೂ ಒಬ್ಬ ಬರಲಿ ಅಂತ ಬರೆದೆ. ಆಗ ಭಯದ ಜಾಗವೇ ಬದಲಾಯಿತು. ಯಾರೂ ಇರಬಾರದ ಹೊತ್ತಿನಲ್ಲಿ ಬಂದಿರುವ ಇವನನ್ನು ನಂಬುವುದೋ ಬಿಡುವುದೋ?

ಹಾಲಿವುಡ್ಡಿಗೆ ಇದಕ್ಕೆ ಸಿದ್ಧ ಉತ್ತರ ಇದೆ. 1977ರ ‘ದಿ ಹಿಲ್ಸ್ ಹ್ಯಾವ್ ಐಸ್’ನಿಂದ ಹಿಡಿದು ಪೇಟೆಯ ಕುಟುಂಬ ಸಿಕ್ಕಿಕೊಳ್ಳುತ್ತದೆ, ಆ ನೆಲದವನು ರಾಕ್ಷಸ. ವುಲ್ಫ್ ಕ್ರೀಕ್‌ನಲ್ಲೂ ಕಾರು ಎಳೆದುಕೊಂಡು ಹೋಗಿ ರಿಪೇರಿ ಮಾಡಿಕೊಡುತ್ತೇನೆ ಅನ್ನುವ ನಗುಮುಖದವನೇ ಯಮ. ನೋಡುವಾಗ ಮೈ ಜುಂ ಅನ್ನುತ್ತದೆ, ನಿಜ. ಆದರೆ ಬೆಂಗಳೂರಿನವರು ಕ್ಯಾಮೆರಾ ತಗೊಂಡು ಮಾಗಡಿಗೆ ಹೋಗಿ, ಅವರದೇ ತೋಪಲ್ಲಿ ನಿಂತು, ಅವರದೇ ಮನೆ ಮುದ್ದೆ ಉಂಡು, ಹಳ್ಳಿಯವನೇ ಕೊಲೆಗಾರ ಅಂತ ತೋರಿಸುವುದು ನನ್ನ ಕೈಲಾಗಲಿಲ್ಲ. ನಮ್ಮ ಚಿತ್ರದಲ್ಲಿ ಅವನು ಹೇಳುವುದಿಷ್ಟೇ: ‘ಗೇಟ್ ಹಾಕಾಯ್ತು. ಕಾರೊಳ್ಗೇ ಇರಿ, ಗಾಜು ಏರ್ಸ್ಕಳಿ, ಏನಾದ್ರೂ ಇಳೀಬ್ಯಾಡಿ.’ ಅಕ್ಷರಕ್ಷರ ಸರಿಯಾದ ಮಾತು. ನಾಲ್ವರೂ ಅವನು ಹೋದ ಮೇಲೆ ಚರ್ಚೆ ಮಾಡಿ ಇಳಿದು ನಡೆಯುತ್ತಾರೆ. ಮುಂದಿನದನ್ನು ಅವರೇ ಮಾಡಿಕೊಳ್ಳುತ್ತಾರೆ, ಯಾರೂ ಏನೂ ಮಾಡುವುದಿಲ್ಲ.

ಅವನು ಇಲಾಖೆಯ ದಿನಗೂಲಿ ವಾಚರ್. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊದ್ದ ಕಂಬಳಿಯ ಕೆಳಗೆ ಖಾಕಿ ಪ್ಯಾಂಟಿನ ತುದಿ, ಹೆಡ್‌ಲೈಟ್ ಬೆಳಕಲ್ಲಿ ಒಂದು ಕ್ಷಣ. ಕಂಡವರಿಗೆ ಕಂಡೀತು.

ಎಡಿಟಿಂಗ್ ಟೇಬಲ್ಲಿನಲ್ಲಿ ಅತಿ ಹೆಚ್ಚು ಹೊತ್ತು ತಿಂದದ್ದು ಅವನ ಒಂದು ನೋಟ. ಟಿವಿಎಸ್ ನಿಲ್ಲಿಸಿ ಮಾತಾಡುವ ಮೊದಲು ಕಾರಿನ ನಂಬರ್ ಪ್ಲೇಟ್ ನೋಡುತ್ತಾನೆ. ಕೆಎ 05. ನೋಟ ಚಿಕ್ಕದಾಗಿದ್ದರೆ ‘ಪೇಟೆಯವರು, ಪಾಪ’ ಅನ್ನುವ ಹಾಗೆ. ಅದೇ ಶಾಟನ್ನು ಇನ್ನು 12 ಫ್ರೇಮ್, ಅಂದರೆ ಅರ್ಧ ಸೆಕೆಂಡ್, ಹಿಗ್ಗಿಸಿದರೆ ಏನೋ ಲೆಕ್ಕ ಹಾಕುತ್ತಿದ್ದಾನೆ ಅನ್ನಿಸುತ್ತದೆ. ನಟ ಅದೇ, ಮುಖ ಅದೇ, ಅವನು ಒಂದು ರೆಪ್ಪೆಯನ್ನೂ ಬೇರೆ ಥರ ಬಡಿದಿಲ್ಲ. ಈಗ ನಡುವೆ ಎಲ್ಲೋ ಕತ್ತರಿಸಿ ನಿಲ್ಲಿಸಿದ್ದೇವೆ. ಜಯನಗರದ ಮನೆಯೊಂದರಲ್ಲಿ ಕೆಲವರನ್ನು ಕೂರಿಸಿ ತೋರಿಸಿದೆವು. ಹುಡುಗರೆಲ್ಲ ‘ಅವನೇ ಕಳ್ಳ, ಡೌಟೇ ಇಲ್ಲ’ ಅಂದರು. ಕಾಫಿ ತಂದ ಗೆಳೆಯನ ಅಮ್ಮ ನಿಂತೇ ನೋಡಿ, ‘ಅಷ್ಟು ಹೇಳ್ತಾನೆ ಪಾಪ, ಕೇಳಬಾರದಾ ಇವ್ರು?’ ಅಂದು ಒಳಗೆ ಹೋದರು. ಎರಡು ಅಭಿಪ್ರಾಯವೂ ಹಾಗೆಯೇ ಇರಲಿ.

ಈಗ

ಅಶ್ವಿನಿ ಮಳೆ ಬಂದು ತೋಪಿನ ತರಗೆಲೆಯೆಲ್ಲ ಒದ್ದೆ. ನಡಿಗೆಯ ಸದ್ದು ಪರಪರ ಅನ್ನಬೇಕು, ಈಗ ಪಚಪಚ ಅನ್ನುತ್ತದೆ. ಮೊದಲೇ ಎರಡು ರಾಗಿ ಚೀಲದ ತುಂಬ ಒಣ ಎಲೆ ತಂದಿಟ್ಟಿದ್ದು ಒಳ್ಳೆಯದಾಯಿತು. ಬಸವನಗುಡಿಯ ತಾರಸಿಯ ಮೇಲೆ ಹರಡಿ, ರಾತ್ರಿ ಹನ್ನೊಂದರ ನಂತರ, ನಾಲ್ವರ ನಡಿಗೆಯನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದೆ. ಚಪ್ಪಲಿಯವನದು, ಶೂನವನದು, ಕಾಲು ಉಳುಕಿದವಳದು. ಕೆಳಗಿನ ಮನೆಯವರು ಒಮ್ಮೆ ಮೇಲೆ ಬಂದು ನೋಡಿ ಏನೂ ಕೇಳದೆ ಇಳಿದರು.

ತೋಪಲ್ಲಿ ಹಿಡಿದ ಸದ್ದನ್ನು ಬಳಸುವ ಹಾಗಿಲ್ಲ. ಅಡಿಯಲ್ಲೆಲ್ಲ ಲಾರಿಗಳ ಗುಂಯ್, ಮೇಲೆ ವಿಮಾನ, ಒಂದು ಟೇಕಿನಲ್ಲಂತೂ ಯಾವುದೋ ಊರಹಬ್ಬದ ಆರ್ಕೆಸ್ಟ್ರಾ. ಜೀರುಂಡೆಯ ಸದ್ದನ್ನು ಬೇರೆ ಕಡೆ ಹಿಡಿದದ್ದು ಹಾಕಿದ್ದೇವೆ. ಹೆಜ್ಜೆ ತೀರಾ ಹತ್ತಿರ ಬಂದರೆ ಅವು ಥಟ್ಟನೆ ಸುಮ್ಮನಾಗುತ್ತವೆ, ರಾತ್ರಿ ತೋಟದಲ್ಲಿ ನಡೆದವರಿಗೆಲ್ಲ ಗೊತ್ತು. ಚಿತ್ರದಲ್ಲಿ ಹಿನ್ನೆಲೆ ಸಂಗೀತ ಇಲ್ಲ, ಇದೊಂದೇ. ನಾಲ್ವರೂ ನಿಂತಿದ್ದಾರೆ, ಯಾರೂ ನಡೆಯುತ್ತಿಲ್ಲ, ಆದರೂ ಎಡಗಡೆಯ ಜೀರುಂಡೆಗಳು ನಿಲ್ಲುತ್ತವೆ. ಆಮೇಲೆ ಬೆನ್ನ ಹಿಂದಿನವು.

ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಇದು ಕೇಳುವುದೇ ಇಲ್ಲ, ಅದಕ್ಕೆ ಲಿಂಕ್ ಕೇಳಿದವರಿಗೆ ಕಳಿಸಿಲ್ಲ, ಕೋಪ ಬೇಡ. ಗೇಟಿನ ಬೋರ್ಡಿನ ಶಾಟ್ ಒಂದು ಬಾಕಿ ಇದೆ, ಕೈಯಲ್ಲಿ ಬರೆದ ಹಳದಿ ಬೋರ್ಡೇ ಬೇಕು, ಫ್ಲೆಕ್ಸ್ ಬೇಡ. ಬರೆಯುವವರು ಗಾಂಧಿಬಜಾರ್ ಕಡೆ ಯಾರಾದರೂ ಇದ್ದರೆ ಹೇಳಿ. ಮುಂಗಾರು ಹಿಡಿಯುವ ಮೊದಲು ಅದು ಆಗಿಬಿಡಬೇಕು, ಆಮೇಲೆ ಕ್ಯಾಮೆರಾದವನು ಮತ್ತೆ ಮದುವೆಗಳಿಗೆ.